ವನಜಕ್ಕನ ಭುಜಕ್ಕೊಂದು ಕೋವಿ

ಪ್ರೀತಿಯ ಭಾವನಿಗೆ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ಅಕ್ಕ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಮೀನು ಮಾರುವ ಹಮೀದನೂ ಚೆನ್ನಾಗಿದ್ದಾನೆ. ಅವನ ಹೆಸರು ಇಲ್ಲಿ ಯಾಕೆ ಬಂತು ಎಂದು ಆಮೇಲೆ ಬರೆಯುತ್ತೇನೆ. ಕೋವಿಯ ಸುದ್ದಿ ಯಾರು ತಂದರೂ ನೀವು ಕೇಳುತ್ತಿದ್ದ ಮೊದಲ ಪ್ರಶ್ನೆ, ಯಾರಿಗಾದರೂ ತಾಗಿತಾ ಎಂದು. ಬೇಟೆ ಏನು ಬಿತ್ತು ಎಂದು ನೀವು ಕೇಳಿದ್ದನ್ನು ನಾನು ಕಾಣೆ. ಅದಕ್ಕೇ ಉತ್ತರವನ್ನು ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ. ಇನ್ನು ನಿಧಾನಕ್ಕೆ ಓದಿ.

ನರಸಿಂಹರಾಜಪುರದಿಂದ ಜೀಪಿನಲ್ಲಿ ಆ ಬಿದಿರಿನ ಬುಟ್ಟಿ ತಂದ ಸಂಜೆ ನಿಮಗೆ ನೆನಪಿರಬೇಕು. ನಾನು ಶೃಂಗೇರಿಯ ನನ್ನ ಪಂಪ್‌ಸೆಟ್ ಅಂಗಡಿಗೆ ಬಾಗಿಲು ಹಾಕಿ, ನಿಮ್ಮ ಕಾಫಿ ತೋಟದ ಮೋಟಾರು ನೋಡಲು ಬಸರೀಕಟ್ಟೆಗೆ ಬಂದಿದ್ದೆ. ರಬ್ಬರ್ ತೋಟದ ನಿಮ್ಮ ಗೆಳೆಯ ವರ್ಗೀಸಣ್ಣ ಕ್ರಿಸ್‌ಮಸ್ಸಿಗೆಂದು ಸಾಕಿದ್ದ ಟರ್ಕಿ ಕೋಳಿಗಳಲ್ಲಿ ಒಂದು ಗಂಡು, ನಾಲ್ಕು ಹೆಣ್ಣು ನಿಮಗೆ ಕೊಟ್ಟಿದ್ದರು. ಬುಟ್ಟಿಯ ಬಾಯಿ ಬಿಚ್ಚಿದ ಕೂಡಲೇ ಆ ಗಂಡು ಹೊರಗೆ ಬಂದು, ಬಾಲ ಬಿಡಿಸಿ, ಎದೆ ಉಬ್ಬಿಸಿ, ಕತ್ತಿನ ಕೆಂಪು ಜೋಲನ್ನು ಅಲ್ಲಾಡಿಸುತ್ತ ಅಂಗಳಕ್ಕೆ ಒಂದು ಸುತ್ತು ಹಾಕಿತು. ಅಕ್ಕ ಬಾಗಿಲಲ್ಲೇ ನಿಂತು, ಇದು ಎಂತ, ಹದ್ದಿಗೂ ಕೋಳಿಗೂ ಹುಟ್ಟಿದ್ದಾ ಎಂದು ಕೇಳಿದಳು. ನೀವು ನಕ್ಕು ನಕ್ಕು ಜೀಪಿಗೆ ಒರಗಿ ನಿಂತಿರಿ. ಆ ನಡಿಗೆ ನೋಡಿಯೇ ನೀವು ಅದಕ್ಕೆ ಪಟೇಲ ಎಂದು ಹೆಸರಿಟ್ಟಿದ್ದು. ಆಮೇಲೆ ನಿಮ್ಮ ಹಿಂದೆ ಪಟೇಲ, ಪಟೇಲನ ಹಿಂದೆ ಅವನ ಸಂಸಾರ. ತೋಟದ ಕೆಲಸದವರು ನಿಮ್ಮ ಮೆರವಣಿಗೆ ನೋಡಲು ಕುಕ್ಕೆ ಕೆಳಗಿಟ್ಟು ನಿಲ್ಲುತ್ತಿದ್ದರು.

ನೀವು ಹೋದ ದಿನದ ಬಗ್ಗೆ ಬರೆಯುವುದು ನನಗೆ ಇವತ್ತಿಗೂ... ಗೊಬ್ಬರ ತರಲು ಕೊಪ್ಪಕ್ಕೆ ಹೋದವರು ಹೋಟೆಲಿನ ಬೆಂಚಿನ ಮೇಲೆ ಕೂತು ನೀರು ಕೇಳಿದಿರಂತೆ. ನೀರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ತುಂಬ ಜನ, ಅಂಗಳ ತುಂಬ ಜೀಪು. ಆ ಗದ್ದಲದಲ್ಲಿ ಗೂಡಿನ ಬಾಗಿಲು ಹಾಕುವ ನೆನಪು ಯಾರಿಗೆ ಬರಬೇಕು? ಬಂದವರೆಲ್ಲ ಹೊರಟ ಮೇಲೆ ನೋಡಿದರೆ ಗೂಡು ಖಾಲಿ. ಪಟೇಲ ತನ್ನ ಹೆಣ್ಣುಗಳನ್ನು ಕರೆದುಕೊಂಡು ತೋಟದ ಮೇಲಿನ ಕಾಡಿನ ಅಂಚಿಗೆ ಹೋಗಿದ್ದ. ಚಿರತೆಯೋ ನರಿಯೋ ಒಂದು ವಾರದಲ್ಲಿ ಮುಗಿಸುತ್ತದೆ ಎಂದುಕೊಂಡು ನಾವು ಸುಮ್ಮನಾದೆವು.

ಮಾರನೇ ವರ್ಷ, ಗದ್ದೆಗೆ ಬೀಜ ಹಾಕುವ ಹೊತ್ತಿಗೆ ಅಕ್ಕ ನನಗೆ ಫೋನ್ ಮಾಡಿದ ಬೆಳಿಗ್ಗೆ ನೆನಪಾಗುತ್ತದೆ. ಅವು ಸತ್ತಿಲ್ಲ ಕಣೋ, ಮರಿ ಮಾಡಿವೆ ಎಂದಳು. ಅವಳ ಧ್ವನಿಯಲ್ಲಿ ಎಷ್ಟೋ ತಿಂಗಳ ನಂತರ ಸ್ವಲ್ಪ ಜೀವವಿತ್ತು. ಟರ್ಕಿಗಳು ಎತ್ತರದ ಮರಗಳ ಮೇಲೆ ಮಲಗಲು ಕಲಿತಿದ್ದವು. ಮನುಷ್ಯರ ಕೆಮ್ಮು ಕೇಳಿದರೆ ಕಾಡುಕೋಳಿಗಿಂತ ಚುರುಕಾಗಿ ಪೊದೆಯೊಳಗೆ ಮಾಯವಾಗುತ್ತಿದ್ದವು. ಬೆಳಕು ಹರಿಯುವಾಗ ಮೇಲಿನಿಂದ ಪಟೇಲನ ಗಳಗಳ ಕೂಗು ಕೇಳಿದರೆ ಅಕ್ಕ ಕಾಫಿ ಲೋಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದಳು. ಅವರ ಹಕ್ಕಿ ಇನ್ನೂ ಇದೆ ಎನ್ನುತ್ತಿದ್ದಳು. ನರ್ಸರಿಯ ಕಾಫಿ ಸಸಿಗಳನ್ನು ಕೆದರಿ ಹಾಕಿದಾಗಲೂ, ಮೆಣಸಿನ ಬಳ್ಳಿಯ ಬುಡ ಬಗೆದಾಗಲೂ ಅವಳು ಏನೂ ಅನ್ನಲಿಲ್ಲ. ಅನ್ನುವುದು ಹೇಗೆ, ಹೇಳಿ? ನಿಮ್ಮದು ಅಂತ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅದೊಂದೇ.

ಲಲಿತಾಳನ್ನು ನೀವು ಮರೆತಿರಲಾರಿರಿ, ಹಣ್ಣು ಕೊಯ್ಯುವಾಗ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು. ಕಳೆದ ಚಳಿಗಾಲದಲ್ಲಿ ತೋಟದ ಮೇಲಿನ ಪಟ್ಟಿಯಲ್ಲಿ ಬಗ್ಗಿ ಉದುರು ಹಣ್ಣು ಆರಿಸುತ್ತಿದ್ದಾಗ ಪಟೇಲ ಅವಳ ಬೆನ್ನ ಮೇಲೆ ಹಾರಿದ. ಅವಳು ಬೆಚ್ಚಿ ತಿರುಗಿದ್ದೇ ತಪ್ಪಾಯಿತು. ಅವನ ಕಾಲಿನ ಮುಳ್ಳು ಅವಳ ಹುಬ್ಬಿನ ಕೆಳಗೆ ಸೀಳಿತು, ಅವಳು ಇಳಿಜಾರಿನಲ್ಲಿ ಉರುಳಿ ಕೈ ಮುರಿದುಕೊಂಡಳು. ಅಕ್ಕನೇ ಅವಳನ್ನು ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣು ಉಳಿದದ್ದು ಅದೃಷ್ಟ ಎಂದು ಡಾಕ್ಟರು ಹೇಳಿದರು. ಆಮೇಲೆ ಆ ಪಟ್ಟಿಗೆ ಹೋಗಲು ಯಾರೂ ಒಪ್ಪಲಿಲ್ಲ. ರೊಬಸ್ಟಾ ಹಣ್ಣಾಗಿ ಗಿಡದಲ್ಲೇ ಕಪ್ಪಾಗತೊಡಗಿತು. ಆಸ್ಪತ್ರೆಯಿಂದ ಬಂದ ಸಂಜೆ ಅಕ್ಕ ನನಗೆ ಹೇಳಿದ್ದು ಇಷ್ಟೇ.

"ಅವರು ಇದ್ದಿದ್ರೆ ಇಷ್ಟೊತ್ತಿಗೆ ಏನು ಮಾಡಬೇಕೋ ಮಾಡಿರ್ತಿದ್ರು. ಈಗ ಅದು ನನ್ನ ಕೆಲಸ."

ಹಾಗೆಂದ ಕೂಡಲೇ ಕೋವಿಗೆ ಹೋಗಲಿಲ್ಲ ಭಾವ, ಅದನ್ನೂ ಹೇಳಬೇಕು. ಬಲೆ ಕಟ್ಟಿದೆವು. ಭತ್ತ ಚೆಲ್ಲಿ ಬುಟ್ಟಿ ಒಡ್ಡಿದೆವು. ಹೆಣ್ಣುಗಳು ಹತ್ತಿರ ಬಂದರೂ ಪಟೇಲ ಮೇಲಿನಿಂದ ಒಂದು ಸದ್ದು ಮಾಡಿದರೆ ಸಾಕು, ಎಲ್ಲ ಒಟ್ಟಿಗೆ ಹಾರಿ ಹೋಗುತ್ತಿದ್ದವು. ಅವನೇ ಕಾವಲುಗಾರ, ಅವನೇ ಪುಂಡ. ಕೊನೆಗೆ ನಾನು ಅರಣ್ಯ ಇಲಾಖೆಯವರ ಬಳಿ ಹೋಗಿ ಕೇಳಿದೆ. ಅಲ್ಲಿದ್ದ ಅಧಿಕಾರಿ, ಟರ್ಕಿ ನಮ್ಮ ಕಾಡಿನ ಹಕ್ಕಿಯೇ ಅಲ್ಲ, ನಿಮ್ಮ ಮನೆಯ ಕೋಳಿ ನಿಮ್ಮ ಜಾಗದಲ್ಲಿ ತಿರುಗಿದರೆ ನಮಗೆ ಸಂಬಂಧವಿಲ್ಲ ಎಂದರು. ಜೊತೆಗೊಂದು ಕಾಡುಕೋಳಿ ಬಿದ್ದರೆ ಮಾತ್ರ ತಾನೇ ಜೀಪು ಹತ್ತಿ ಬರುತ್ತೇನೆ ಎಂದೂ ಎಚ್ಚರಿಸಿದರು. ನ್ಯಾಯವಾದ ಮಾತು. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ, ಯಾವ ಕೋವಿ?

ತಿಮ್ಮಪ್ಪಣ್ಣನ ಕೇಪಿನ ಕೋವಿಯ ಹೊಗೆಯಲ್ಲಿ ನೀವೊಮ್ಮೆ ಕೆಮ್ಮುತ್ತ ಕೂತಿದ್ದಿರಲ್ಲ, ಆ ಕೋವಿಯೇ ಮೊದಲು ಬಂತು. ಪಕ್ಕದ ತೋಟದ ತಿಮ್ಮಪ್ಪಣ್ಣ ಸುದ್ದಿ ಕೇಳಿ ಅದನ್ನು ಹೆಗಲಿಗೆ ಹಾಕಿಕೊಂಡೇ ಹತ್ತಿ ಬಂದಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು ಗಜದ ಸರಳಿನಿಂದ ಜಡಿಯುವ ಹಳೆಯ ಕೋವಿ. ಮದ್ದು ಎಷ್ಟು ಎಂದು ಅಕ್ಕ ಕೇಳಿದರೆ ಅಂಗೈ ಗುಳಿ ಮಾಡಿ ತೋರಿಸಿದರು. ಸೀಸದ ಚರೆಕಾಳು ಎಷ್ಟು ದೂರಕ್ಕೆ ಎಷ್ಟು ಹರಡುತ್ತದೆ ಎಂದು ಕೇಳಿದರೆ, ಅದು ಆ ದಿನದ ಮೇಲೆ ಹೋಗ್ತದೆ ಅಂದರು. ಅಕ್ಕ ಅವರಿಗೆ ಕಾಫಿ ಕೊಟ್ಟು, ಆ ಹಕ್ಕಿಯ ಗರಿ ಕವಚದ ಹಾಗಿದೆ, ಮೈಗೆ ನಾಲ್ಕು ಚರೆ ತಾಗಿ ತಪ್ಪಿಸಿಕೊಂಡರೆ ಗಾಯಗೊಂಡ ಪಟೇಲ ಈಗಿನದಕ್ಕಿಂತ ಕೆಟ್ಟವನಾಗುತ್ತಾನೆ, ಅವನಿಗೂ ನರಕ, ನಮಗೂ ನರಕ ಎಂದು ನಯವಾಗಿ ಹೇಳಿ ಕಳಿಸಿದಳು. ನಾನು ಬೆರಗಾಗಿ ನೋಡುತ್ತಿದ್ದೆ. ಇದೆಲ್ಲ ಅವಳಿಗೆ ಗೊತ್ತಾದದ್ದು ಯಾವಾಗ? ನೀವು ಊಟದ ಹೊತ್ತಿನಲ್ಲಿ ನನಗೆ ಕೋವಿಯ ಪಾಠ ಹೇಳುತ್ತಿದ್ದಾಗ ಬಡಿಸುತ್ತಿದ್ದವಳು ಅವಳೇ ಅಲ್ಲವೇ?

ಆಮೇಲಿನ ಭಾನುವಾರ ಗುಡ್ಡದ ಮೇಲಿನ ಎಸ್ಟೇಟಿನ ಮೇಜರ್ ಸಾಹೇಬರು ಬಂದರು. ನಿಮ್ಮ ಜೊತೆ ಚೆಸ್ ಆಡಿ ಸೋಲುತ್ತಿದ್ದ, ಸೈನ್ಯದಿಂದ ನಿವೃತ್ತರಾದ ಅದೇ ಸಾಹೇಬರು. ದುರ್ಬೀನು ಕೂರಿಸಿದ ತಮ್ಮ ರೈಫಲ್ ತಂದು, ಇದರಲ್ಲಾದರೆ ದೂರದಿಂದಲೇ ಒಂದೇ ಗುಂಡು, ಹಕ್ಕಿಗೆ ಗೊತ್ತೇ ಆಗುವುದಿಲ್ಲ ಎಂದರು. ನನಗೆ ಅದೇ ಸರಿ ಅನ್ನಿಸಿತು. ಎಷ್ಟು ಸುಲಭ, ನೋಡಿ. ನಾವು ಕೆಳಗೆ ಕೂತು ಕಾಫಿ ಕುಡಿಯುವುದು, ಸಾಹೇಬರು ಅಂಗಳದಿಂದಲೇ ಹೊಡೆಯುವುದು. ಅಕ್ಕ ಎದ್ದು ಹೊರಗೆ ಹೋಗಿ ಮೇಲೆ ನೋಡಿದಳು. ಪಟೇಲ ಕೂರುವ ಮರ ದಿಬ್ಬದ ತುದಿಯಲ್ಲಿದೆ. ಅದರ ಹಿಂದೆ ಆಕಾಶ. ಆಕಾಶದ ಆಚೆ, ದಿಬ್ಬ ಇಳಿದರೆ ಕೆಲಸದವರ ಲೈನು, ಮಕ್ಕಳ ಅಂಗನವಾಡಿ.

"ಸಾರ್, ಹಕ್ಕಿಯನ್ನು ದಾಟಿದ ಗುಂಡು ಎಲ್ಲಿಗೆ ಹೋಗ್ತದೆ?"

ಸಾಹೇಬರು ಅವಳ ಪಕ್ಕ ಬಂದು ನಿಂತು, ದಿಬ್ಬದ ಕಡೆ ನೋಡಿದರು. ನಂತರ ರೈಫಲನ್ನು ಚೀಲಕ್ಕೆ ಹಾಕಿ, ನೀವು ಹೇಳಿದ್ದು ಸರಿ ಅಮ್ಮ ಎಂದರು. ಇದಕ್ಕೆ ಹತ್ತಿರದಲ್ಲೇ ಸುಸ್ತಾಗಿ ಬೀಳುವ ಚರೆಯ ಕೋವಿಯೇ ಸರಿ, ಆದರೆ ಚರೆ ಬಿಗಿಯಾಗಿ ಹೋಗಬೇಕು, ತಲೆ ಕತ್ತಿಗೇ ಹೊಡೆಯಬೇಕು ಎಂದು ಅವರೇ ವಿವರಿಸಿದರು. ದೊಡ್ಡ ಮನುಷ್ಯ, ಭಾವ. ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ.

ನಿಮ್ಮ ಜೋಡು ನಳಿಗೆಯ ಕೋವಿಯನ್ನು ನನ್ನ ಕೈಗೆ ಮೊದಲ ಸಲ ಕೊಟ್ಟಾಗ ಏನು ಹೇಳಿದ್ದಿರಿ ಎಂದು ನನಗೆ ಈಗಲೂ ಕೇಳಿಸುತ್ತದೆ. ಬಲಗಡೆಯ ನಳಿಗೆ ಹರಡ್ತದೆ, ಎಡಗಡೆಯದು ಬಿಗಿ ಹಿಡೀತದೆ, ಯಾವುದನ್ನು ಎಳೀತಿದ್ದೀಯ ಅಂತ ಬೆರಳಿಗೆ ಗೊತ್ತಿರಬೇಕು. ಮೇಜರ್ ಸಾಹೇಬರು ಹೇಳಿದ ಲಕ್ಷಣವೆಲ್ಲ ಆ ಎಡ ನಳಿಗೆಯಲ್ಲಿತ್ತು. ಕೋವಿ ಮಾತ್ರ ನೀವು ಹೋದಂದಿನಿಂದ ಠಾಣೆಯಲ್ಲಿತ್ತು. ಲೈಸೆನ್ಸ್ ನಿಮ್ಮ ಹೆಸರಿನದು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಕ್ಕ ಮೊದಲ ವರ್ಷ ಒಪ್ಪಿರಲಿಲ್ಲ, ಎರಡನೇ ವರ್ಷ ನನ್ನ ಒತ್ತಾಯಕ್ಕೆ ಅರ್ಜಿ ಕೊಟ್ಟಿದ್ದಳು. ಲೈಸೆನ್ಸೂ ಕೋವಿಯೂ ಲಲಿತಾಳ ಕೈಯ ಬ್ಯಾಂಡೇಜ್ ಬಿಚ್ಚುವ ಹೊತ್ತಿಗೆ ಅವಳ ಕೈಗೆ ಬಂದವು. ನನ್ನ ಹೆಸರಿನಲ್ಲಿ ಲೈಸೆನ್ಸ್ ಇಲ್ಲ, ನಾನು ಹೊಡೆಯುವ ಹಾಗಿಲ್ಲ. ಹೊಡೆದರೆ ಅವಳೇ ಹೊಡೆಯಬೇಕು. ಅವಳು ಅದಕ್ಕೆ ಮೊದಲು ಕೋವಿಯ ಧೂಳು ಒರೆಸಿದ್ದು ಬಿಟ್ಟರೆ...

ಕೆರೆಯ ಪಕ್ಕದ ಮಣ್ಣಿನ ದರೆಯ ಎದುರು ಅವಳು ನಿಮ್ಮ ಕೋವಿ ಎತ್ತಿದ ಮಧ್ಯಾಹ್ನ ನೀವು ನೋಡಬೇಕಿತ್ತು. ಆರಡಿಯ ನಿಮಗೆ ಹೊಂದಿದ ಹಿಡಿ, ನಿಮ್ಮ ಎದೆಯ ತನಕ ಬರುತ್ತಿದ್ದ ಅಕ್ಕನಿಗೆ ಭುಜದಲ್ಲಿ ನಿಲ್ಲುವುದು ಹೇಗೆ? ಕಂಕುಳಿಗೆ ಸಿಕ್ಕಿಕೊಂಡಿತು. ನಳಿಗೆಯ ಭಾರಕ್ಕೆ ತುದಿ ಕೆಳಗೆ ತೂಗಿತು. ಕೆನ್ನೆ ಇಡಲು ಕತ್ತು ಚಾಚಿದರೆ ಗುರಿ ಕಾಣುವುದಿಲ್ಲ. ಆದರೂ ಹೊಡೆದಳು. ಈಡು ದರೆಯ ಮೇಲಿನ ಪೊದೆಗೆ ಹೋಯಿತು, ಅವಳು ಎರಡು ಹೆಜ್ಜೆ ಹಿಂದೆ ಬಂದು ಕೂತುಬಿಟ್ಟಳು. ಭುಜ ನೇರಳೆ ಬಣ್ಣಕ್ಕೆ ತಿರುಗಿತು. ನಾನು ಚಿಂದಿ ಬಟ್ಟೆಯ ದಿಂಬು ಕಟ್ಟೋಣ, ಇನ್ನೆರಡು ದಿನ ಅಭ್ಯಾಸ ಮಾಡೋಣ, ಎಷ್ಟೆಂದರೂ ಭಾವನ ಕೋವಿ ಎಂದೆ. ಭಾವನ ಕೋವಿಯಿಂದಲೇ ಆಗಬೇಕು ಎಂದು ನನ್ನ ಹಟ. ಅವಳು ಅರಿಶಿನ ಎಣ್ಣೆ ಹಚ್ಚಿಕೊಳ್ಳುತ್ತ ಸಮಾಧಾನವಾಗಿಯೇ ಹೇಳಿದಳು.

"ಅವರ ಕೋವಿ ಅವರ ಭುಜಕ್ಕೆ ಮಾಡಿದ್ದು ಮಾರಾಯ. ನನ್ನ ಭುಜಕ್ಕೆ ಬೇರೆ ಬೇಕು."

ನಾನು ಆ ದಿನ ಶೃಂಗೇರಿಯ ಬಸ್ಸು ಹತ್ತಿ, ಮೆಣಸೆಯಲ್ಲಿ ನಮ್ಮ ಮನೆಯ ಹತ್ತಿರ ಇಳಿಯುವ ತನಕ ಅವಳ ಮೇಲೆ ಸಿಟ್ಟಾಗಿಯೇ ಇದ್ದೆ. ನಿಮ್ಮನ್ನೇ ಮನೆಯಿಂದ ಹೊರಗೆ ಕಳಿಸಿದ ಹಾಗೆ ಅನ್ನಿಸಿತ್ತು. ಆದರೆ ನಿಮ್ಮ ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತು ಎಂದು ನಾನು ಅವಳಿಗೆ ಹೇಳುತ್ತಿದ್ದೆನೇ?

ಶಿವಮೊಗ್ಗದ ಕೋವಿ ಅಂಗಡಿಗೆ ನೀವು ನನ್ನನ್ನು ತೋಟಾ ತರಲು ಕರೆದುಕೊಂಡು ಹೋಗುತ್ತಿದ್ದಿರಲ್ಲ, ಅದೇ ಅಂಗಡಿಗೆ ಅಕ್ಕನನ್ನು ಕರೆದುಕೊಂಡು ಹೋದೆ. ಅಂಗಡಿಯವರು ನನ್ನ ಕೈಗೆ ಕೋವಿ ಕೊಡುತ್ತ ಹೋದರು, ನಾನು ಅದನ್ನು ಅಕ್ಕನಿಗೆ ದಾಟಿಸುತ್ತ ಹೋದೆ. ಮೂರನೆಯದಕ್ಕೆ ಅವರಿಗೆ ಅರ್ಥವಾಯಿತು, ಅವಳಿಗೇ ಕುರ್ಚಿ ಹಾಕಿಸಿ ಮಾತಾಡಿದರು. ಹೊಳೆಯುವ ಹೊಸ ಜೋಡುನಳಿಗೆ ತೋರಿಸಿದರು. ಎರಡನೇ ಈಡು ಕೈಯಲ್ಲಿದ್ದರೆ ಮೊದಲನೆಯದನ್ನು ಅವಸರದಲ್ಲಿ ಹೊಡೆಯುತ್ತೇನೆ, ಬೇಡ ಎಂದಳು. ಪ್ರತಿ ಕೋವಿಯನ್ನೂ ಕಣ್ಣು ಮುಚ್ಚಿ ಭುಜಕ್ಕೆ ಏರಿಸುವುದು, ಕಣ್ಣು ತೆರೆದು ಎಲ್ಲಿಗೆ ನೋಡುತ್ತಿದೆ ಎಂದು ಪರೀಕ್ಷಿಸುವುದು. ಇದನ್ನು ಅವಳಿಗೆ ಹೇಳಿಕೊಟ್ಟದ್ದು ಮೇಜರ್ ಸಾಹೇಬರು. ಕೊನೆಗೆ ಮೂಲೆಯಲ್ಲಿದ್ದ ಹಗುರವಾದ ಒಂಟಿ ನಳಿಗೆಯದೊಂದು, ಅವಳು ಕಣ್ಣು ತೆರೆದಾಗ, ಗೋಡೆಯ ಕ್ಯಾಲೆಂಡರಿನ ತಾರೀಕಿಗೇ ನೆಟ್ಟಗೆ ನೋಡುತ್ತಿತ್ತು. ಬಾಯಿ ಬಿಗಿ ಇರುವ ನಳಿಗೆ, ತೋಟಾಕ್ಕೆ ಬಡಿಯುವ ಕುದುರೆ ಹೊರಗೇ ಕಾಣುವಂಥದ್ದು. ಹಿಡಿಯನ್ನು ಎರಡು ಬೆರಳಿನಷ್ಟು ಕತ್ತರಿಸಿ ಕೊಡುತ್ತೇವೆ ಎಂದರು. ಅವಳಿಗೆ ಮೆಚ್ಚುಗೆಯಾದದ್ದು ಆ ಕುದುರೆ. ಎತ್ತಿದ್ದರೆ ಎತ್ತಿದ್ದು, ಇಳಿಸಿದ್ದರೆ ಇಳಿಸಿದ್ದು, ಕಣ್ಣಿಗೆ ಕಾಣ್ತದೆ, ನಂಬಿಕೆಯ ಮೇಲೆ ಇಟ್ಟುಕೊಳ್ಳಬೇಕಾಗಿಲ್ಲ ಎಂದಳು.

ಮತ್ತೆ ಅದೇ ದರೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅವಳು ಇದ್ದಿಲಿನಿಂದ ಪಟೇಲನ ತಲೆ, ಕತ್ತು ಬರೆದಳು. ಜೋಲು ಸಹಿತ ಎಷ್ಟು ಚೆನ್ನಾಗಿ ಬರೆದಳೆಂದರೆ ಹೊಡೆಯಲು ನನಗೇ ಮನಸ್ಸು ಬರುತ್ತಿರಲಿಲ್ಲ. ಮೊದಲು ಹತ್ತಿರದಿಂದ, ಆಮೇಲೆ ಹಿಂದೆ ಸರಿಯುತ್ತ ಸರಿಯುತ್ತ. ಸಣ್ಣ ಚರೆ ಒತ್ತಾಗಿ ಕೂತರೂ ಕಾಗದದ ಹಿಂದಿನ ಹಲಗೆಯನ್ನು ಸರಿಯಾಗಿ ಕಚ್ಚಲಿಲ್ಲ. ತೀರ ದಪ್ಪದ್ದು ಹಲಗೆ ತೂರಿತು, ಆದರೆ ತಲೆಯ ಸುತ್ತ ದೊಡ್ಡ ದೊಡ್ಡ ಖಾಲಿ ಬಿಟ್ಟಿತು. ನಡುವಿನ ನಾಲ್ಕನೇ ನಂಬರಿನ ಚರೆ ಎರಡೂ ಕೆಲಸ ಮಾಡಿತು. ನಮ್ಮ ಅಂಗಳದಿಂದ ಕೊಟ್ಟಿಗೆಯಷ್ಟು ದೂರದ ತನಕ ಸರಿ, ಅದರಾಚೆ ಚೆದುರುತ್ತದೆ ಎಂದು ಅವಳು ನಿಶ್ಚಯ ಮಾಡಿಕೊಂಡಳು. ಅಷ್ಟು ಹತ್ತಿರ ಬಾರದಿದ್ದರೆ ಹೊಡೆಯುವುದೇ ಇಲ್ಲ ಎಂದಳು. ಭುಜ ನೋಡಿಕೊಂಡಳು, ಸ್ವಲ್ಪ ಕೆಂಪು, ಅಷ್ಟೇ.

ಶಿವರಾತ್ರಿಗೆ ಮುಂಚಿನ ಒಂದು ಬೆಳಗು. ಮಂಜು ಇನ್ನೂ ಗಿಡಗಳ ಮಧ್ಯೆ ಇತ್ತು. ಹಿಂದಿನ ದಿನವೇ ಲೈನಿನ ಎಲ್ಲ ಮನೆಗಳಿಗೂ ಹೋಗಿ, ತಾನು ಬಂದು ಹೇಳುವ ತನಕ ಯಾರೂ ಮೇಲಿನ ಪಟ್ಟಿಗೆ ಬರಬಾರದು ಎಂದು ಅಕ್ಕ ಹೇಳಿ ಬಂದಿದ್ದಳು. ನಾನು ಚಳಿಗೆ ಕೆಂಪು ಉಣ್ಣೆಯ ಟೊಪ್ಪಿ ಹಾಕಿಕೊಂಡಿದ್ದೆ. ಅವಳು ಅದನ್ನು ಕಿತ್ತು ಮನೆಯೊಳಗೆ ಎಸೆದಳು. ಆ ಹಕ್ಕಿಯ ತಲೆಯೂ ಕೆಂಪು, ನಿನ್ನ ತಲೆಯೂ ಕೆಂಪು, ಗಿಡದ ಸಂದಿನಲ್ಲಿ ನನಗೆ ಯಾವುದು ಕಾಣಬೇಕು ಎಂದು ಕೇಳಿದಳು. ಇಂಥ ಮಾತು ನಿಮ್ಮಿಂದ ಬಂದಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ದೊಡ್ಡದೊಂದು ಹಲಸಿನ ಮರಕ್ಕೆ ಬೆನ್ನು ಕೊಟ್ಟು ಇಬ್ಬರೂ ಕೂತೆವು. ನಾನು ಅವಳ ಎಡಕ್ಕೆ, ಒಂದಿಷ್ಟು ಹಿಂದೆ.

ಪಟೇಲನ ಹೆಣ್ಣು ಕರೆಯುವ ಸದ್ದನ್ನು ನೀವು ನಾಲಿಗೆ ಮಡಚಿ ಮಾಡುತ್ತಿದ್ದಿರಲ್ಲ, ನಾನೂ ಹಾಗೇ ಮಾಡಿದೆ. ನಾಲ್ಕೈದು ಸಲ ಕರೆದ ಮೇಲೆ ಮರದಿಂದ ಭಾರವಾದದ್ದೊಂದು ಇಳಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಾಫಿ ಸಾಲಿನ ಮಧ್ಯದಿಂದ ಪಟೇಲ ಬಂದ. ಭಾವ, ಎಷ್ಟು ಬೆಳೆದಿದ್ದ! ಬಾಲ ಬಿಡಿಸಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತ, ಮಂಜಿನಲ್ಲಿ ಹಿತ್ತಾಳೆಯ ಹಾಗೆ ಹೊಳೆಯುತ್ತ, ನಮ್ಮಿಂದ ಕೊಟ್ಟಿಗೆಯಷ್ಟು ದೂರಕ್ಕೂ ಹತ್ತಿರ ಬಂದು ನಿಂತ. ಕತ್ತು ಎತ್ತಿದ. ಅಕ್ಕ ಕುದುರೆ ಎತ್ತಿದ್ದು ನನಗೆ ಕೇಳಿಸಿತು. ಈಡು ಬರಲಿಲ್ಲ. ಇನ್ನೂ ಬರಲಿಲ್ಲ. ಏನಾಯಿತು ಇವಳಿಗೆ, ಕೈ ಬರುತ್ತಿಲ್ಲವೇ, ನಿಮ್ಮ ನೆನಪಾಯಿತೇ ಎಂದು ನೋಡಿದರೆ, ಅವಳು ಹೆಬ್ಬೆರಳಿನಿಂದ ಕುದುರೆಯನ್ನು ಮೆಲ್ಲಗೆ ಇಳಿಸಿ ನಳಿಗೆಯನ್ನು ನೆಲಕ್ಕೆ ತಿರುಗಿಸುತ್ತಿದ್ದಳು.

ಆಗ ಪೋಂ ಎಂದು ಹಾರ್ನ್ ಕೇಳಿಸಿತು. ಪಟೇಲನ ಹಿಂದೆ, ಅದೇ ಗೆರೆಯಲ್ಲಿ, ತೋಟದ ಮಣ್ಣಿನ ದಾರಿ ತಿರುಗುತ್ತದೆ. ಮಂಜಿನೊಳಗಿಂದ ಹಮೀದ್, ಅವನ ಲೂನಾ, ಹಿಂದೆ ಕಟ್ಟಿದ ಮೀನಿನ ಪೆಟ್ಟಿಗೆ. ಅವನು ದಿನಾ ಬರುವುದು ಬಿಸಿಲು ಏರಿದ ಮೇಲೆ. ಆ ದಿನ ಮೇಗುಂದದಲ್ಲಿ ನೆಂಟರ ಮದುವೆಯಿದೆಯೆಂದು ವ್ಯಾಪಾರ ಬೇಗ ಮುಗಿಸಲು ಹೊರಟಿದ್ದನಂತೆ. ಲೈನಿಗೆ ಹೇಳಿದ್ದೆವು, ಅವನಿಗೆ ಹೇಳುವವರು ಯಾರು? ಪಟೇಲ ಹಾರ್ನಿಗೆ ಹೆದರಿ ಗಿಡಗಳ ಒಳಗೆ ನುಗ್ಗಿದ. ರೈಫಲ್ ಆಗಿದ್ದರೆ, ಅಥವಾ ಕೋವಿ ನನ್ನ ಕೈಯಲ್ಲಿದ್ದಿದ್ದರೆ... ನಾನು ಹಕ್ಕಿಯನ್ನು ಮಾತ್ರ ನೋಡಿದ್ದೆ ಭಾವ. ದಾರಿ ನನಗೆ ಕಂಡೇ ಇರಲಿಲ್ಲ. ಅಕ್ಕ ಹಮೀದನನ್ನು ನೋಡಿ ಕುದುರೆ ಇಳಿಸಿದ್ದಲ್ಲ. ಹಕ್ಕಿಯ ಹಿಂದೆ ದಾರಿ ಇದೆ ಎಂದು ಇಳಿಸಿದ್ದಳು, ಅಷ್ಟೇ. ಹಮೀದ್ ಬಂದದ್ದು ಆಮೇಲೆ.

ಅವನನ್ನು ಕೂಗಿ ನಿಲ್ಲಿಸಿದೆವು. ವಿಷಯ ತಿಳಿದ ಮೇಲೆ ಅವನು ಲೂನಾವನ್ನು ಸ್ಟ್ಯಾಂಡ್ ಹಾಕಿ, ಒದ್ದೆ ಹುಲ್ಲಿನ ಮೇಲೆ ಹಾಗೇ ಕೂತುಬಿಟ್ಟ. ಅಕ್ಕ ಅವನ ಪಕ್ಕ ಕೂತಳು. ಹಮೀದ್, ಗೌಡ್ರು ಇದ್ದಾಗಲೂ ಈ ದಾರಿ ಕಡೆ ಕೋವಿ ತಿರುಗಿಸಿದವರಲ್ಲ ಅಮ್ಮ ಎಂದ. ಅಕ್ಕ ಅವನಿಗೆ, ನೀನು ಮದುವೆಗೆ ಹೋಗು, ತಡ ಮಾಡಬೇಡ ಎಂದಳು. ಅವನು ಲೈನಿನ ಕಡೆ ಹೋಗಿ ಮುಟ್ಟಿ, ಎರಡು ಸಲ ಹಾರ್ನ್ ಹೊಡೆದು ತಿಳಿಸುತ್ತೇನೆ ಎಂದು ಹೇಳಿ ಹೊರಟ. ಎರಡು ಹಾರ್ನ್ ಕೇಳಿದ ಮೇಲೆಯೇ ಅವಳು ಮತ್ತೆ ಜಾಗಕ್ಕೆ ಬಂದಳು. ಆದರೆ ಈ ಸಲ ಹಲಸಿನ ಮರದ ಆಚೆ ಮಗ್ಗುಲಿಗೆ ಕೂತಳು. ಅಲ್ಲಿಂದ ಎದುರಿಗೆ ಕಾಣುವುದು ಎತ್ತರದ ದರೆ ಮಾತ್ರ.

ಬಿಸಿಲಿನ ಮೊದಲ ಕೋಲು ದರೆಗೆ ಬಿದ್ದಾಗ ಪಟೇಲ ಮತ್ತೆ ಬಂದ. ಹೆಚ್ಚು ಬರೆಯುವುದಿಲ್ಲ. ಒಂದೇ ಈಡು. ರೆಕ್ಕೆ ಕೂಡ ಬಡಿಯಲಿಲ್ಲ. ಅಕ್ಕ ನಳಿಗೆಯನ್ನು ಬಗ್ಗಿಸಿ ತೆರೆದು ಖಾಲಿ ತೋಟಾ ತೆಗೆದು ಸ್ವೆಟರಿನ ಜೇಬಿಗೆ ಹಾಕಿದಳು. ಹೋಗಿ ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕೆದರಿದ ಗರಿಗಳನ್ನು ಅಂಗೈಯಿಂದ ನೇರ ಮಾಡಿದಳು. ಆಗ ಅತ್ತಳು. ನಿಮ್ಮನ್ನು ಕಳಿಸಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವತ್ತು ಕಲ್ಲಿನ ಹಾಗೆ ಇದ್ದಳು, ಅದನ್ನು ನೋಡಿ ನಾವೆಲ್ಲ ಹೆದರಿದ್ದೆವು. ಇದು ಬೇರೆ ಅಳು. ನಾನು ತಡೆಯಲಿಲ್ಲ. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹಸಿವಾಗ್ತಿದೆ, ನಡಿ ಎಂದಳು. ಕಡುಬು ಮಾಡಿ ಇಬ್ಬರೂ ಹೊಟ್ಟೆ ತುಂಬ ತಿಂದೆವು. ಪಟೇಲ ಲೈನಿಗೆ ಹೋದ. ಮಾಂಸ ಹಗ್ಗದ ಹಾಗಿತ್ತು, ಎರಡು ಸಲ ಬೇಯಿಸಿದರೂ ಬಗ್ಗಲಿಲ್ಲ ಎಂದು ಲಲಿತಾ ಮಾರನೇ ದಿನ ದೂರು ಹೇಳಿದಳು. ಹೇಳಿದ್ದು ಮೇಲಿನ ಪಟ್ಟಿಯಲ್ಲೇ, ಗುಣವಾದ ಕೈಯಿಂದ ಹಣ್ಣು ಕೊಯ್ಯುತ್ತ.

ಪಟೇಲ ಇಲ್ಲವಾದ ಮೇಲೆ ಉಳಿದವು ಎಷ್ಟು ಸಾಧುವಾದವು ಎಂದರೆ ನಂಬುವುದಿಲ್ಲ ನೀವು. ಭತ್ತಕ್ಕೆ ಇಳಿದವು, ಬುಟ್ಟಿಗೆ ಬಿದ್ದವು. ಇನ್ನೊಂದು ಈಡು ಬೇಕಾಗಲಿಲ್ಲ. ವರ್ಗೀಸಣ್ಣ ನರಸಿಂಹರಾಜಪುರದಿಂದ ವ್ಯಾನು ತಂದು ಎಲ್ಲವನ್ನೂ ತುಂಬಿಕೊಂಡರು. ಅವತ್ತೇ ಅಕ್ಕ ನಿಮ್ಮ ಜೋಡುನಳಿಗೆಯ ಮಾತು ಎತ್ತಿದಳು. ಅದನ್ನು ವರ್ಗೀಸಣ್ಣನ ಲೈಸೆನ್ಸಿಗೆ ಸೇರಿಸಲು ಆಗಲೇ ಶಿವಮೊಗ್ಗದ ಅಂಗಡಿಯವರ ಹತ್ತಿರ ವಿಚಾರಿಸಿ ಇಟ್ಟಿದ್ದಳು. ನನಗೆ ಒಂದು ಮಾತು ಹೇಳಿರಲಿಲ್ಲ. ಅನುಮತಿ ಬಂದ ಮೇಲೆ ಅವರು ಅದನ್ನು ಭುಜಕ್ಕೆ ಏರಿಸಿದರು. ನಿಮ್ಮಷ್ಟೇ ಎತ್ತರ, ನಿಮ್ಮಷ್ಟೇ ಉದ್ದದ ಕೈ. ಒಂದು ಕ್ಷಣ ನೀವೇ ನಿಂತ ಹಾಗಾಯಿತು. ಅಕ್ಕ, ಇದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅಂಟಾಗ್ತದೆ, ಅವರು ಬೈತಿದ್ರು ಎಂದು ಹೇಳಿ ಕಳಿಸಿಕೊಟ್ಟಳು. ನಿಮಗೆ ಬೇಸರವಾಯಿತೇ? ನನಗೆ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ಕೋವಿ ಠಾಣೆಯಲ್ಲಿ ತುಕ್ಕು ಹಿಡಿಯುತ್ತಿದೆ ಎಂದು ಎರಡು ವರ್ಷ ನನ್ನ ಎದೆಯ ಮೇಲಿದ್ದ ಭಾರ ಇಳಿದು, ಆ ದಿನ ಬಸ್ಸಿನಲ್ಲಿ ಮೆಣಸೆಯ ತನಕ ನಿದ್ದೆ ಮಾಡಿದೆ.

ಇನ್ನೊಂದು ಸುದ್ದಿ ಇದೆ. ಇದನ್ನು ಹೇಳಲೆಂದೇ ಇಷ್ಟುದ್ದ ಬರೆದೆನೋ ಏನೋ. ಈ ಬೇಸಗೆಯಲ್ಲಿ ಎಲೆಕ್ಷನ್ ಬಂತು. ಎಲ್ಲರೂ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ನಾನು ಅಕ್ಕನ ಜೊತೆ ಕೊಪ್ಪಕ್ಕೆ ಹೋದೆ. ಠಾಣೆಯ ಅಂಗಳದಲ್ಲಿ ಉದ್ದದ ಸಾಲು. ಎಲ್ಲ ಗಂಡಸರು, ಎಲ್ಲರ ಹೆಗಲಲ್ಲೂ ಗೋಣಿ ಸುತ್ತಿದ ಕೋವಿ. ತಿಮ್ಮಪ್ಪಣ್ಣ ಮುಂದೆ ಬಂದು ನಿಲ್ಲು ಎಂದು ಜಾಗ ಬಿಟ್ಟುಕೊಟ್ಟರೂ ಅಕ್ಕ ಹೋಗಲಿಲ್ಲ, ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಮೇಜಿನ ಹಿಂದಿದ್ದ ಹೊಸ ಪೊಲೀಸ್ ಹುಡುಗ ತಲೆ ಎತ್ತದೆ, ಯಜಮಾನರ ಕೋವಿಯಾ ಅಮ್ಮ, ಅವರು ಬರಲಿಲ್ಲವಾ ಎಂದು ಕೇಳಿದ. ನಾನು ಉತ್ತರ ಹೇಳಲು ಮುಂದೆ ಬಂದೆ. ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

"ಇಲ್ಲ," ಎಂದಳು. "ಕೋವಿ ನಂದು."

ಅವನು ತಲೆ ಎತ್ತಿ ನೋಡಿದ, ಎದ್ದು ನಿಂತು ಕೋವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಲೆಕ್ಷನ್ ಮುಗಿದ ಮೇಲೆ ವಾಪಸು ತರಲು ನಾನೇ ಬರುತ್ತೇನೆ ಎಂದು ದಾರಿಯಲ್ಲಿ ಹೇಳಿದೆ. ನೀ ಅಂಗಡಿ ನೋಡ್ಕೊ ಮಾರಾಯ, ನನಗೆ ಬಸ್ಸಿದೆ ಎಂದಳು.

ನಿಮ್ಮ ಮೈದುನ,
ಚಂದ್ರು